ಹಕ್ಕು ಕಾಗದದಲ್ಲಿ, ಬೀಗದಕೈ ರಿಜಿಸ್ಟ್ರಾರನ ಕೈಯಲ್ಲಿ

ನಮ್ಮ ಸಂವಿಧಾನದ 326ನೇ ವಿಧಿಯನ್ನು ಓದಲು ಅರ್ಧ ನಿಮಿಷ ಸಾಕು. ಲೋಕಸಭೆಗೂ ವಿಧಾನಸಭೆಗಳಿಗೂ ವಯಸ್ಕ ಮತದಾನದ ಆಧಾರದ ಮೇಲೆ ಚುನಾವಣೆ ನಡೆಯಬೇಕು ಎಂದು ಅದು ನೇರವಾಗಿ ಹೇಳುತ್ತದೆ. ಓದು ಬರುತ್ತದೆಯೇ, ಹೊಲ ಇದೆಯೇ, ಹೆಣ್ಣೋ ಗಂಡೋ ಎಂದು ಯಾರೂ ಕೇಳುವ ಹಾಗಿಲ್ಲ. ಇದೇ ಮಾತನ್ನು ಹುಡುಕಿಕೊಂಡು ಅಮೆರಿಕದ ಸಂವಿಧಾನಕ್ಕೆ ಹೋದರೆ ಬರಿಗೈಯಲ್ಲಿ ವಾಪಸು ಬರಬೇಕಾಗುತ್ತದೆ. ಪ್ರತಿಯೊಬ್ಬ ನಾಗರಿಕನಿಗೂ ಮತ ಹಾಕುವ ಹಕ್ಕಿದೆ ಎಂಬ ವಾಕ್ಯ ಅದರಲ್ಲಿ ಎಲ್ಲೂ ಇಲ್ಲ.

ಅದರಲ್ಲಿರುವುದು ಬೇರೆ ಬಗೆಯ ವಾಕ್ಯ: ಇಂಥ ಕಾರಣ ಕೊಟ್ಟು ಮತ ನಿರಾಕರಿಸಬಾರದು. 1870ರ 15ನೇ ತಿದ್ದುಪಡಿ, ಜನಾಂಗ, ಬಣ್ಣ, ಹಿಂದೆ ಗುಲಾಮರಾಗಿದ್ದದ್ದು ಕಾರಣವಾಗಬಾರದು ಎಂದಿತು. 1920ರ 19ನೆಯದು ಹೆಣ್ಣು ಎಂಬ ಕಾರಣವನ್ನು ತೆಗೆಯಿತು. 1964ರ 24ನೆಯದು, ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ತೆರಿಗೆ ಕಟ್ಟಿಲ್ಲ ಎಂಬ ಕಾರಣವನ್ನು ತೆಗೆಯಿತು. 1971ರ 26ನೆಯದು 18 ತುಂಬಿದವರಿಗೆ ವಯಸ್ಸಿನ ಕಾರಣ ಹೇಳಬಾರದು ಎಂದಿತು; ವಿಯೆಟ್ನಾಂ ಯುದ್ಧಕ್ಕೆ ಕಳಿಸಲು ಸಾಕಾದ ವಯಸ್ಸು ಮತ ಹಾಕಲು ಸಾಲದೇ ಎಂದು ಹುಡುಗರು ಕೇಳಿದ್ದಕ್ಕೆ ಆಳುವವರ ಬಳಿ ಉತ್ತರವಿರಲಿಲ್ಲ. ಆದರೆ ನಾಲ್ಕು ಕಾರಣ ಹೇಳಬಾರದು ಎಂದರೆ ಐದನೆಯದನ್ನು ಹುಡುಕಬಹುದು. ಅಮೆರಿಕದಲ್ಲಿ ಮತದಾನದ ಹಕ್ಕಿನ ಚರಿತ್ರೆ ಎಂದರೆ ಬಹುಪಾಲು ಆ ಐದನೆಯ ಕಾರಣವನ್ನು ಹುಡುಕಿದವರ ಮತ್ತು ಅವರೆದುರು ನಿಂತವರ ಚರಿತ್ರೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಬೇಕು. ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಚುನಾವಣೆ ನಡೆಸುವ ಸಂಸ್ಥೆ ಅಲ್ಲಿಲ್ಲ. ಯಾರು ಮತದಾರರು ಎಂಬುದನ್ನು 1787ರ ಸಂವಿಧಾನ ರಾಜ್ಯಗಳಿಗೇ ಬಿಟ್ಟಿತು. ರಾಜ್ಯಗಳು ಆ ಕೆಲಸವನ್ನು ಕೌಂಟಿಗಳಿಗೆ, ಅಂದರೆ ಸುಮಾರಾಗಿ ನಮ್ಮ ಜಿಲ್ಲೆ ತಾಲ್ಲೂಕುಗಳಂಥ ಘಟಕಗಳಿಗೆ ಬಿಟ್ಟವು. ನಮ್ಮಲ್ಲಿ ಮತಗಟ್ಟೆ ಅಧಿಕಾರಿ ಪಟ್ಟಿ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಅಲ್ಲಿ ಮತದಾರ ತಾನಾಗಿಯೇ ಹೋಗಿ ಹೆಸರು ಬರೆಸಿಕೊಳ್ಳಬೇಕಿತ್ತು. ಆ ನೋಂದಣಿ ಮೇಜಿನ ಹಿಂದೆ ಕೂತ ರಿಜಿಸ್ಟ್ರಾರನ ಮರ್ಜಿಯೇ ಕಾನೂನು ಎಂಬ ಸ್ಥಿತಿ ದಕ್ಷಿಣದ ರಾಜ್ಯಗಳಲ್ಲಿ ಮುಕ್ಕಾಲು ಶತಮಾನ ನಡೆಯಿತು.

ಹಕ್ಕು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತು ಎಂದು ಶಾಲಾ ಪುಸ್ತಕಗಳು ಹೇಳುವ ಕಥೆ ಆರಂಭದಲ್ಲೇ ಸುಳ್ಳಾಗುತ್ತದೆ. ನ್ಯೂಜೆರ್ಸಿ ರಾಜ್ಯ 1776ರಲ್ಲಿ ಬರೆದುಕೊಂಡ ಸಂವಿಧಾನದಲ್ಲಿ 50 ಪೌಂಡ್ ಆಸ್ತಿಯಿರುವ "ಎಲ್ಲ ನಿವಾಸಿಗಳಿಗೂ" ಮತವಿತ್ತು. ಗಂಡಸರು ಎಂದಾಗಲಿ ಬಿಳಿಯರು ಎಂದಾಗಲಿ ಬರೆದಿರಲಿಲ್ಲ. ಹಾಗಾಗಿ ವಿಧವೆಯರು, ಮದುವೆಯಾಗದ ಹೆಂಗಸರು, ಸ್ವತಂತ್ರರಾಗಿದ್ದ ಕಪ್ಪು ಜನರು ಅಲ್ಲಿ ಮತ ಹಾಕಿದರು. ಮದುವೆಯಾದ ಹೆಂಗಸಿನ ಆಸ್ತಿ ಗಂಡನದಾಗುತ್ತಿದ್ದರಿಂದ ಅವಳಿಗೆ ಮಾತ್ರ ಇರಲಿಲ್ಲ. 1807ರಲ್ಲಿ ಹೊಸ ಕಾನೂನು ತಂದು ಮತವನ್ನು ಬಿಳಿಯ ಗಂಡಸರಿಗೆ ಸೀಮಿತ ಮಾಡಿದರು. ನ್ಯೂಯಾರ್ಕ್ 1821ರಲ್ಲಿ ಬಿಳಿಯರ ಆಸ್ತಿ ಷರತ್ತನ್ನು ಹೆಚ್ಚುಕಡಿಮೆ ಕಿತ್ತುಹಾಕಿತು, ಅದೇ ಸಂವಿಧಾನದಲ್ಲಿ ಕಪ್ಪು ಗಂಡಸರಿಗೆ 250 ಡಾಲರ್ ಆಸ್ತಿ ಇರಲೇಬೇಕು ಎಂದಿತು. ಪೆನ್ಸಿಲ್ವೇನಿಯಾ 1838ರಲ್ಲಿ ಕಪ್ಪು ಜನರ ಮತವನ್ನೇ ಕಿತ್ತುಕೊಂಡಿತು. ಬಡ ಬಿಳಿಯನಿಗೆ ಬಾಗಿಲು ತೆರೆದ ಅದೇ ದಶಕಗಳಲ್ಲಿ ಉಳಿದವರಿಗೆ ಬಾಗಿಲು ಮುಚ್ಚಿತು.

1861ರಿಂದ 65ರವರೆಗಿನ ಅಂತರ್ಯುದ್ಧ ಗುಲಾಮಗಿರಿಯನ್ನು ಕೊನೆಗೊಳಿಸಿತು. ಆಮೇಲಿನ ಹತ್ತು ಹನ್ನೆರಡು ವರ್ಷ ನಂಬಲಾಗದಂಥ ಕಾಲ. ನಿನ್ನೆಯವರೆಗೆ ಸಂತೆಯಲ್ಲಿ ಹರಾಜಾಗುತ್ತಿದ್ದವರು ಸಾಲಿನಲ್ಲಿ ನಿಂತು ಮತ ಹಾಕಿದರು, ಶಾಸನಸಭೆಗಳಿಗೆ ಆಯ್ಕೆಯಾದರು. ಹೈರಮ್ ರೆವೆಲ್ಸ್ 1870ರಲ್ಲಿ ಮಿಸಿಸಿಪಿಯಿಂದ ಸೆನೆಟ್‌ಗೆ ಹೋದರು, ಆ ಸಭೆಗೆ ಕಾಲಿಟ್ಟ ಮೊದಲ ಕಪ್ಪು ಮನುಷ್ಯ. ಈ ಮತಗಳನ್ನು ಕಾಯುತ್ತಿದ್ದದ್ದು ಕೇಂದ್ರದ ಸೈನ್ಯ. 1877ರ ರಾಜಕೀಯ ಒಪ್ಪಂದದ ನಂತರ ಆ ರಕ್ಷಣೆ ಹೋಯಿತು. ಬಂದೂಕು ಹಿಡಿದು ಹೆದರಿಸುವುದು ಯುದ್ಧದ ಬೆನ್ನಿಗೇ ಶುರುವಾಗಿತ್ತು, ಈಗ ತಡೆಯುವವರಿಲ್ಲದಂತಾಯಿತು. ಕಾನೂನಿನ ಹೆಸರಿನಲ್ಲಿ ಕಿತ್ತುಕೊಳ್ಳುವ ಕೆಲಸ ಅದರ ಹಿಂದೆಯೇ ಬಂತು.

ಆ ಕಾನೂನುಗಳ ಕುಶಲತೆಯನ್ನು ಸ್ವಲ್ಪ ನಿಂತು ನೋಡಬೇಕು. 15ನೇ ತಿದ್ದುಪಡಿ ಬಣ್ಣದ ಮಾತನ್ನು ಎತ್ತಬೇಡಿ ಎಂದಿದೆ. ಸರಿ, ಎತ್ತುವುದು ಬೇಡ. ಮಿಸಿಸಿಪಿ 1890ರಲ್ಲಿ ಹೊಸ ಸಂವಿಧಾನ ಬರೆಯಿತು. ಮತ ಹಾಕಬೇಕಾದರೆ ಎರಡು ಡಾಲರ್ ತಲೆಗಂದಾಯ ಕಟ್ಟಿರಬೇಕು. ಜೊತೆಗೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಬೇಕು, ಇಲ್ಲವೇ ಯಾರಾದರೂ ಓದಿದ್ದನ್ನು ಕೇಳಿ ಅರ್ಥ ಹೇಳಬೇಕು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ರಿಜಿಸ್ಟ್ರಾರ್ ಒಬ್ಬನೇ. ಬಿಳಿಯ ರೈತನಿಗೆ ಒಂದು ಸಾಲಿನ ಸುಲಭದ ಭಾಗ, ಕಪ್ಪು ಮೇಷ್ಟರಿಗೆ ವಕೀಲರೂ ತಡವರಿಸುವ ಭಾಗ. ಎಷ್ಟೇ ಚೆನ್ನಾಗಿ ಹೇಳಿದರೂ "ಸಾಲದು" ಎಂದರೆ ಮುಗಿಯಿತು, ಕಾರಣ ಬರೆದುಕೊಡಬೇಕಾಗಿಯೂ ಇರಲಿಲ್ಲ.

ಲೂಯಿಸಿಯಾನಾ 1898ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಓದು ಬರಹದ ಪರೀಕ್ಷೆಯಿಂದ ಬಡ ಬಿಳಿಯರೂ ಉರುಳುತ್ತಾರಲ್ಲ? ಅದಕ್ಕೆ "ಅಜ್ಜನ ಷರತ್ತು" ಬಂತು: 1867ರ ಜನವರಿ 1ಕ್ಕೆ ನಿನ್ನ ಅಪ್ಪನಿಗೋ ಅಜ್ಜನಿಗೋ ಮತದ ಹಕ್ಕು ಇದ್ದಿದ್ದರೆ ನಿನಗೆ ಪರೀಕ್ಷೆಯಿಲ್ಲ. ಆ ದಿನಾಂಕಕ್ಕೆ ದಕ್ಷಿಣದ ಯಾವ ಕಪ್ಪು ಅಜ್ಜನಿಗೆ ಮತವಿತ್ತು? ಆ ರಾಜ್ಯದಲ್ಲಿ 1896ರಲ್ಲಿ 1,30,334 ಕಪ್ಪು ಮತದಾರರು ನೋಂದಣಿಯಾಗಿದ್ದರು. 1900ರಲ್ಲಿ ಉಳಿದವರು 5,320. 1904ರಲ್ಲಿ 1,342. ಸುಪ್ರೀಂ ಕೋರ್ಟ್ 1898ರಲ್ಲಿ ಮಿಸಿಸಿಪಿಯ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಕಾನೂನಿನ ಅಕ್ಷರಗಳಲ್ಲಿ ಬಣ್ಣದ ಮಾತಿಲ್ಲವಲ್ಲ ಎಂಬುದು ಅದರ ತರ್ಕ. ಅಜ್ಜನ ಷರತ್ತು 1915ರಲ್ಲಿ ಕೋರ್ಟಿನಲ್ಲಿ ಬಿತ್ತು. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ ಬಿಳಿಯರಷ್ಟೇ ಮತ ಹಾಕಬಹುದು ಎಂಬ ನಿಯಮ 1944ರಲ್ಲಿ ಬಿತ್ತು. ಒಂದು ಬಿದ್ದಾಗ ಇನ್ನೊಂದು ಸಿದ್ಧವಾಗಿರುತ್ತಿತ್ತು.

ಹೆಂಗಸರ ಹೋರಾಟ ಇದರ ಪಕ್ಕದಲ್ಲೇ, ಒಮ್ಮೆ ಕೈಹಿಡಿದು, ಒಮ್ಮೆ ಕೈಬಿಟ್ಟು ನಡೆಯಿತು. 1848ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್, ಲುಕ್ರೀಷಿಯಾ ಮಾಟ್ ಮುಂತಾದವರು ಸಭೆ ಸೇರಿಸಿದರು. ಮತದ ಹಕ್ಕು ಕೇಳುವ ನಿರ್ಣಯ ಅಲ್ಲಿದ್ದ ಹಲವರಿಗೇ ಅತಿ ಅನ್ನಿಸಿತ್ತು. ಅದರ ಪರವಾಗಿ ಎದ್ದು ಮಾತಾಡಿದವರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಒಬ್ಬರು. ಇಪ್ಪತ್ತು ವರ್ಷದ ಮೇಲೆ, ಕಪ್ಪು ಗಂಡಸರಿಗೆ ಮತ ಕೊಟ್ಟು ಹೆಂಗಸರನ್ನು ಬಿಟ್ಟ 15ನೇ ತಿದ್ದುಪಡಿಯನ್ನು ಒಪ್ಪಬೇಕೇ ಎಂಬ ಪ್ರಶ್ನೆಗೆ ಇದೇ ಜನ ಒಡೆದು ಎರಡು ಗುಂಪಾದರು. ಸ್ಟ್ಯಾಂಟನ್ ಆಗ ಆಡಿದ ಜನಾಂಗೀಯ ಮಾತುಗಳನ್ನು ಓದಿದರೆ ಇಂದಿಗೂ ಮನಸ್ಸಿಗೆ ನೋವಾಗುತ್ತದೆ. ದೊಡ್ಡ ಹೋರಾಟಗಾರ್ತಿ ಎಂಬುದು ನಿಜ, ಇದೂ ನಿಜ. ಸೂಸನ್ ಬಿ. ಆಂಟನಿ 1872ರಲ್ಲಿ ರಾಚೆಸ್ಟರ್‌ನಲ್ಲಿ ಮತ ಹಾಕಿಯೇಬಿಟ್ಟರು. ಬಂಧಿಸಿ, ವಿಚಾರಣೆ ನಡೆಸಿ, 100 ಡಾಲರ್ ದಂಡ ಹಾಕಿದರು. ಅವರು ಕೊನೆಗೂ ಕಟ್ಟಲಿಲ್ಲ.

19ನೇ ತಿದ್ದುಪಡಿ ಗೆದ್ದ ರೀತಿ ಮಾತ್ರ ಹೇಳದೆ ಇರಲಾಗದು. 36 ರಾಜ್ಯಗಳ ಒಪ್ಪಿಗೆ ಬೇಕಿತ್ತು, 35 ಸಿಕ್ಕಿದ್ದವು. 1920ರ ಆಗಸ್ಟ್ 18ರಂದು ಟೆನೆಸ್ಸಿಯ ವಿಧಾನಸಭೆಯಲ್ಲಿ ವಿಷಯ ಬಂತು. ವಿರೋಧಿಗಳ ಕೋಟಿನ ಮೇಲೆ ಕೆಂಪು ಗುಲಾಬಿ, ಪರವಾದವರದಕ್ಕೆ ಹಳದಿ ಗುಲಾಬಿ. 24ರ ಹರೆಯದ ಹ್ಯಾರಿ ಬರ್ನ್ ಕೆಂಪು ಗುಲಾಬಿ ಸಿಕ್ಕಿಸಿಕೊಂಡಿದ್ದ. ಜೇಬಿನಲ್ಲಿ ಊರಿಂದ ತಾಯಿ ಬರೆದ ಕಾಗದವಿತ್ತು: ಒಳ್ಳೆಯ ಹುಡುಗನಾಗು, ಹೆಂಗಸರ ಮತಕ್ಕೆ ಒಪ್ಪಿಗೆ ಕೊಡು ಎಂದು. ಸಮಸಮ ನಿಂತಿದ್ದ ಸಭೆಯಲ್ಲಿ ಅವನ ಹೆಸರು ಕೂಗಿದಾಗ ಅವನು "ಹೌದು" ಎಂದ.

ಆದರೆ ಅಲಬಾಮಾದ ಕಪ್ಪು ಹೆಂಗಸು ಆ ಶರತ್ಕಾಲದಲ್ಲಿ ನೋಂದಣಿಗೆ ಹೋದಾಗ ಅವಳೆದುರು ಅದೇ ಮೇಜು, ಅದೇ ಪರೀಕ್ಷೆ ಇದ್ದವು. ಮೂಲನಿವಾಸಿಗಳಿಗೆ 1924ರಲ್ಲಿ ಪೌರತ್ವ ಬಂದರೂ ಅರಿಜೋನಾ, ನ್ಯೂ ಮೆಕ್ಸಿಕೋದಲ್ಲಿ ಮತ ಸಿಗಲು 1948ರವರೆಗೆ ಕಾಯಬೇಕಾಯಿತು. ನಮ್ಮ ದೇಶದವರ ಕಥೆಯೂ ಇಲ್ಲೇ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, ಭಾರತೀಯರು ಕಾನೂನಿನ ಅರ್ಥದಲ್ಲಿ "ಬಿಳಿಯರು" ಅಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗಲೇ ಪೌರತ್ವ ಪಡೆದಿದ್ದ ಹಲವರಿಂದಲೂ ಅದನ್ನು ಕಿತ್ತುಕೊಂಡರು. 1946ರ ಕಾನೂನು ಆ ತಡೆಯನ್ನು ತೆಗೆದ ಮೇಲೆ ಹತ್ತು ವರ್ಷಕ್ಕೆ ದಲೀಪ್ ಸಿಂಗ್ ಸೌಂಡ್ ಕ್ಯಾಲಿಫೋರ್ನಿಯಾದಿಂದ ಸಂಸತ್ತಿಗೆ ಆಯ್ಕೆಯಾದರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರಲ್ಲಿ ಮಿಶಿಗನ್ ಪ್ರತಿನಿಧಿಯಾಗಿ ಅಲ್ಲಿ ಪ್ರಮಾಣವಚನ ಸ್ವೀಕರಿಸಿದ್ದರ ಹಿಂದೆ ಈ ದಾರಿಯಿದೆ.

ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನೂ ಇಲ್ಲಿ ನೆನೆಯಬೇಕು. 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತವರು ಅವರು. 1941ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸುತ್ತುವಾಗ ಲೂಯಿಸಿಯಾನಾದಲ್ಲಿ ರೈಲಿನ ಟಿಕೆಟ್ ಕಲೆಕ್ಟರ್ ಅವರನ್ನು ಬಿಳಿಯರ ಡಬ್ಬಿಯಿಂದ ಎದ್ದು ಹೋಗಲು ಹೇಳಿದ. ಭಾರತದವರು ಎಂದು ತಿಳಿದ ಮೇಲೆ ಅವನ ವರಸೆ ಬದಲಾಯಿತು. ವಿದೇಶಿ ಅತಿಥಿ ಎಂದು ಹೇಳಿಕೊಂಡು ಕೂತುಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನಾನೂ ಬಣ್ಣದವಳೇ, ಆದರೂ ಇಲ್ಲಿಂದ ಏಳುವುದಿಲ್ಲ ಎಂದರು. ಕಪ್ಪು ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲು ಒಪ್ಪದಿದ್ದದ್ದು ಇದಾಗಿ 14 ವರ್ಷಕ್ಕೆ.

ಈಗ ಆ ಮೇಜಿನ ಹತ್ತಿರ ಹೋಗೋಣ. 1962ರ ಆಗಸ್ಟ್ 31. ಮಿಸಿಸಿಪಿಯ ಸನ್‌ಫ್ಲವರ್ ಕೌಂಟಿಯ ರೂಲ್‌ವಿಲ್ ಊರಿಂದ 18 ಜನ ಒಂದು ಹಳೆಯ ಬಸ್ಸು ಹತ್ತಿ ಕೌಂಟಿಯ ಕೇಂದ್ರ ಇಂಡಿಯನೋಲಾಕ್ಕೆ ಹೊರಟರು. ಅವರಲ್ಲಿ 44 ವರ್ಷದ ಫ್ಯಾನಿ ಲೂ ಹೇಮರ್ ಒಬ್ಬರು. ಅಪ್ಪ ಅಮ್ಮನ 20 ಮಕ್ಕಳಲ್ಲಿ ಕೊನೆಯವರು, ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಇಳಿದವರು. ಕಪ್ಪು ಜನಕ್ಕೂ ಮತದ ಹಕ್ಕಿದೆ ಎಂಬ ಸಂಗತಿಯೇ ಅವರಿಗೆ ಆ ಬೇಸಿಗೆಯ ಸಭೆಯೊಂದರಲ್ಲಿ ಗೊತ್ತಾಗಿತ್ತು. ಕಚೇರಿಯಲ್ಲಿ ರಾಜ್ಯ ಸಂವಿಧಾನದ 16ನೇ ಕಲಂ ಅನ್ನು ನಕಲು ಮಾಡಿ ಅರ್ಥ ಬರೆಯಲು ಕೊಟ್ಟರು. ಅದು "ಎಕ್ಸ್ ಪೋಸ್ಟ್ ಫ್ಯಾಕ್ಟೋ", ಅಂದರೆ ಹಿಂದೆ ನಡೆದದ್ದನ್ನು ಆಮೇಲೆ ಅಪರಾಧ ಮಾಡುವ ಕಾನೂನುಗಳ ವಿಷಯ. ಕ್ರಿಸ್‌ಮಸ್ ಬಗ್ಗೆ ಕುದುರೆಗೆ ಎಷ್ಟು ಗೊತ್ತೋ ಅದರ ಬಗ್ಗೆ ನನಗೂ ಅಷ್ಟೇ ಗೊತ್ತಿತ್ತು ಎಂದು ಅವರು ಆಮೇಲೆ ಹೇಳುತ್ತಿದ್ದರು. ಫೇಲಾದರು.

ವಾಪಸು ಬರುವಾಗ ಪೊಲೀಸರು ಬಸ್ಸು ತಡೆದರು. ಬಸ್ಸಿನ ಬಣ್ಣ ಸರಿಯಿಲ್ಲ ಎಂಬುದು ಡ್ರೈವರ್ ಮೇಲಿನ ಆರೋಪ. ಶಾಲಾ ಬಸ್ಸಿನ ಹಾಗೆ ಹಳದಿಯಾಗಿದೆಯಂತೆ. ಅದೇ ಬಸ್ಸಿನಲ್ಲಿ ವರ್ಷಗಟ್ಟಲೆ ಕೂಲಿಯಾಳುಗಳನ್ನು ಹತ್ತಿ ಹೊಲಕ್ಕೆ ತುಂಬಿಕೊಂಡು ಹೋಗುವಾಗ ಯಾರಿಗೂ ಆ ಬಣ್ಣ ಕಂಡಿರಲಿಲ್ಲ. ಬಸ್ಸಿನಲ್ಲಿದ್ದವರು ಚಿಲ್ಲರೆ ಕೂಡಿಸಿ ದಂಡ ಕಟ್ಟಿದರು. ಜನರ ಭಯ ಕಳೆಯಲು ಹೇಮರ್ ದೇವರ ಹಾಡು ಹೇಳಿದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ತೋಟದ ಮಾಲೀಕನಿಗೆ ಮುಟ್ಟಿತ್ತು. ಅರ್ಜಿ ಹಿಂದಕ್ಕೆ ತೆಗೆದುಕೋ, ಇಲ್ಲದಿದ್ದರೆ ಜಾಗ ಖಾಲಿ ಮಾಡು ಎಂದ. ಹದಿನೆಂಟು ವರ್ಷ ಅವನ ತೋಟದಲ್ಲಿ ದುಡಿದಿದ್ದ ಹೆಂಗಸು ಕೊಟ್ಟ ಉತ್ತರ: "ನಾನು ಅರ್ಜಿ ಹಾಕಿದ್ದು ನಿಮಗಾಗಿ ಅಲ್ಲ, ನನಗಾಗಿ." ಆ ರಾತ್ರಿಯೇ ಮನೆ ಬಿಟ್ಟರು. ಹತ್ತು ದಿನದಲ್ಲಿ ಅವರು ಆಶ್ರಯ ಪಡೆದಿದ್ದ ಮನೆಯ ಮೇಲೆ 16 ಗುಂಡು ಹಾರಿದವು. ಮುಂದಿನ ಜನವರಿಯಲ್ಲಿ ಪರೀಕ್ಷೆ ಪಾಸಾದರು. ಮತ ಹಾಕಲು ಹೋದರೆ ಎರಡು ವರ್ಷದ ತಲೆಗಂದಾಯದ ರಸೀದಿ ಎಲ್ಲಿ ಎಂದು ಕೇಳಿದರು. ಹೆಸರೇ ಪಟ್ಟಿಯಲ್ಲಿರದವರು ತೆರಿಗೆ ಯಾಕೆ ಕಟ್ಟಿರುತ್ತಾರೆ? 1963ರ ಜೂನ್‌ನಲ್ಲಿ ವಿನೋನಾ ಊರಿನ ಜೈಲಿನಲ್ಲಿ ಅವರಿಗೆ ಬಿದ್ದ ಏಟಿನ ನೋವು ಜೀವಮಾನವಿಡೀ ಉಳಿಯಿತು. ಮರುವರ್ಷದ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯ ಮುಂದೆ ಅವರು ಇದನ್ನೆಲ್ಲ ಹೇಳುತ್ತಿದ್ದಾಗ, ಟಿವಿ ಕ್ಯಾಮೆರಾಗಳನ್ನು ಬೇರೆಡೆಗೆ ಸೆಳೆಯಲು ಅಧ್ಯಕ್ಷ ಜಾನ್ಸನ್ ಇದ್ದಕ್ಕಿದ್ದಂತೆ ಪತ್ರಿಕಾಗೋಷ್ಠಿ ಕರೆದರು. ಚಾನೆಲ್‌ಗಳು ರಾತ್ರಿ ಆ ಸಾಕ್ಷ್ಯವನ್ನು ಮತ್ತೆ ತೋರಿಸಿದವು. ಮಧ್ಯಾಹ್ನ ತಪ್ಪಿಸಿಕೊಂಡವರೂ ಆಗ ನೋಡಿದರು.

ಹೇಮರ್ ಒಬ್ಬರದಲ್ಲ ಈ ಪಾಡು. ಅಲಬಾಮಾದ ಡಲ್ಲಾಸ್ ಕೌಂಟಿಯಲ್ಲಿ ಅರ್ಧ ಜನ ಕಪ್ಪು ವರ್ಣದವರು. ಅವರಲ್ಲಿ ಮತದಾರರಾಗಿದ್ದವರು ನೂರಕ್ಕೆ ಸುಮಾರು ಇಬ್ಬರು. ನೋಂದಣಿ ಕಚೇರಿ ತಿಂಗಳಿಗೆ ಎರಡೇ ದಿನ ತೆರೆಯುತ್ತಿತ್ತು. ಅರ್ಜಿದಾರ ಒಳ್ಳೆಯವನೆಂದು ಈಗಾಗಲೇ ಮತದಾರನಾಗಿರುವ ಒಬ್ಬರು ಸಾಕ್ಷಿ ಹೇಳಬೇಕಿತ್ತು. ಆ ಕೌಂಟಿಯ ಸೆಲ್ಮಾ ಊರಿನಲ್ಲಿ 1965ರ ಜನವರಿಯಲ್ಲಿ ನೂರಕ್ಕೂ ಹೆಚ್ಚು ಶಾಲಾ ಶಿಕ್ಷಕರು ಕಚೇರಿಗೆ ಮೆರವಣಿಗೆ ಹೋದರು, ಜೈಲಿಗೆ ಹಾಕಿದರೂ ಸರಿ ಎಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು. ಮಕ್ಕಳಿಗೆ ಓದು ಬರಹ ಕಲಿಸುವವರು ಓದು ಬರಹದ ಪರೀಕ್ಷೆಯಲ್ಲಿ ಫೇಲಾಗುತ್ತಿದ್ದ ಊರು ಅದು.

ಮಾರ್ಚ್ 7, ಭಾನುವಾರ. ಸುಮಾರು 600 ಜನ ರಾಜಧಾನಿ ಮಾಂಟ್‌ಗಮರಿಗೆ ನಡೆದು ಹೋಗಲು ಎಡ್ಮಂಡ್ ಪೆಟ್ಟಸ್ ಸೇತುವೆ ದಾಟಿದರು. ಮುಂದಿದ್ದವರಲ್ಲಿ 25 ವರ್ಷದ ಜಾನ್ ಲೂಯಿಸ್ ಒಬ್ಬರು. ಅವರಿಗೆ ಅಹಿಂಸೆಯ ಪಾಠ ಹೇಳಿದ್ದ ಜೇಮ್ಸ್ ಲಾಸನ್ ಮೂರು ವರ್ಷ ನಾಗ್‌ಪುರದಲ್ಲಿದ್ದು ಗಾಂಧಿಯ ಸತ್ಯಾಗ್ರಹವನ್ನು ಓದಿ ಹೋದವರು. ಸೇತುವೆಯ ಆಚೆ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳ ಜೊತೆ ನುಗ್ಗಿದರು. ಲೂಯಿಸ್ ತಲೆಬುರುಡೆ ಬಿರಿಯಿತು. ಆ ರಾತ್ರಿ ದೇಶವೆಲ್ಲ ಅದನ್ನು ಟಿವಿಯಲ್ಲಿ ಕಂಡಿತು. ಆಗಸ್ಟ್ 6ರಂದು ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು.

ಈ ಕಾಯ್ದೆಯ ಜೀವ ಇದ್ದದ್ದು ಅದರ 5ನೇ ಸೆಕ್ಷನ್‌ನಲ್ಲಿ. ಅಲ್ಲಿಯವರೆಗೆ ಒಂದು ಕೌಂಟಿ ಅನ್ಯಾಯದ ನಿಯಮ ತಂದರೆ ಸರ್ಕಾರ ಕೋರ್ಟಿಗೆ ಹೋಗಬೇಕಿತ್ತು, ವರ್ಷಗಟ್ಟಲೆ ಕೇಸು ನಡೆಯುತ್ತಿತ್ತು, ಗೆಲ್ಲುವಷ್ಟರಲ್ಲಿ ಹೊಸ ನಿಯಮ ಹುಟ್ಟಿರುತ್ತಿತ್ತು. ಕಾಯ್ದೆ ಇದನ್ನು ತಿರುಗಿಸಿಬಿಟ್ಟಿತು. ಪರೀಕ್ಷೆಗಳನ್ನಿಟ್ಟು ಅರ್ಧಕ್ಕರ್ಧ ಜನರನ್ನು ಮತದಿಂದ ಹೊರಗಿಟ್ಟಿದ್ದ ರಾಜ್ಯಗಳು ಚುನಾವಣೆಯ ಯಾವ ನಿಯಮ ಬದಲಿಸಬೇಕಾದರೂ ಮೊದಲೇ ವಾಷಿಂಗ್ಟನ್ನಿನ ಅನುಮತಿ ಪಡೆಯಬೇಕು. ಇದರಿಂದ ಯಾರಿಗೂ ಅನ್ಯಾಯವಿಲ್ಲ ಎಂದು ತೋರಿಸುವ ಹೊಣೆ ಅವುಗಳದ್ದೇ. ಐದನೆಯ ಕಾರಣ ಹುಡುಕುವವನು ಅದನ್ನು ಬಳಸುವ ಮೊದಲೇ ತೋರಿಸಬೇಕು ಎಂದ ಹಾಗಾಯಿತು. ಜೊತೆಗೆ ಕೇಂದ್ರದ ಅಧಿಕಾರಿಗಳೇ ಬಂದು ಹೆಸರು ಬರೆದುಕೊಂಡರು. ಮಿಸಿಸಿಪಿಯಲ್ಲಿ ಕಾಯ್ದೆಗೆ ಮುಂಚೆ ಕಪ್ಪು ಜನರ ನೋಂದಣಿ ಶೇಕಡಾ 6.7 ಇತ್ತು. 1967ರಲ್ಲಿ ಅದು 59.8. ಎರಡೇ ವರ್ಷ! ಜನಕ್ಕೆ ಆಸಕ್ತಿಯಿಲ್ಲ, ತಿಳಿವಳಿಕೆಯಿಲ್ಲ ಎಂದು ಎಪ್ಪತ್ತೈದು ವರ್ಷ ಹೇಳಿಕೊಂಡು ಬಂದ ಮಾತಿಗೆ ಈ ಎರಡು ಅಂಕಿ ಉತ್ತರ ಕೊಟ್ಟವು.

2013ರ ಜೂನ್ 25ರಂದು ಸುಪ್ರೀಂ ಕೋರ್ಟ್, ಶೆಲ್ಬಿ ಕೌಂಟಿ ಮೊಕದ್ದಮೆಯಲ್ಲಿ, ಯಾವ ರಾಜ್ಯಗಳು ಅನುಮತಿ ಪಡೆಯಬೇಕು ಎಂದು ಗುರುತಿಸುವ ಸೂತ್ರ ಹಳತಾಯಿತು ಎಂದು 5–4ರಲ್ಲಿ ಅದನ್ನು ರದ್ದು ಮಾಡಿತು. 5ನೇ ಸೆಕ್ಷನ್ ಪುಸ್ತಕದಲ್ಲಿದೆ, ಅದು ಯಾರಿಗೂ ಅನ್ವಯಿಸುವುದಿಲ್ಲ. ಮಳೆಯಲ್ಲಿ ನೆನೆಯುತ್ತಿಲ್ಲವಲ್ಲ ಎಂದು ಕೊಡೆಯನ್ನೇ ಎಸೆದ ಹಾಗಾಯಿತು ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನಮತದಲ್ಲಿ ಬರೆದರು. ತೀರ್ಪು ಬಂದ ದಿನವೇ ಟೆಕ್ಸಸ್ ತನ್ನ ತಡೆಹಿಡಿದಿದ್ದ ಫೋಟೊ ಗುರುತಿನ ಚೀಟಿ ಕಾನೂನನ್ನು ಜಾರಿ ಮಾಡುವುದಾಗಿ ಪ್ರಕಟಿಸಿತು. ಅದರಲ್ಲಿ ಬಂದೂಕಿನ ಲೈಸೆನ್ಸ್ ನಡೆಯುತ್ತಿತ್ತು, ಕಾಲೇಜಿನ ಐಡಿ ಕಾರ್ಡ್ ನಡೆಯುತ್ತಿರಲಿಲ್ಲ.

ಗುರುತಿನ ಚೀಟಿ ಕೇಳಿದರೆ ತಪ್ಪೇನು, ನಮ್ಮಲ್ಲೂ ಕೇಳುತ್ತಾರಲ್ಲ ಎಂದು ನಮ್ಮವರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ ಚೀಟಿಯನ್ನು ಆಯೋಗವೇ ಮಾಡಿ ಕೊಡುತ್ತದೆ, ಅದಿಲ್ಲದಿದ್ದರೆ ಇನ್ನೂ ಹತ್ತಾರು ದಾಖಲೆ ನಡೆಯುತ್ತವೆ. ಅಲ್ಲಿ ರಾಷ್ಟ್ರಕ್ಕೆಲ್ಲ ಒಂದೇ ಎನ್ನುವಂಥ ಚೀಟಿಯೇ ಇಲ್ಲ. ಯಾವ ಕಾರ್ಡು ನಡೆಯಬೇಕು ಎಂದು ರಾಜ್ಯ ಆರಿಸುತ್ತದೆ. ಆ ಆಯ್ಕೆಯಲ್ಲೇ ಯಾರು ಒಳಗೆ, ಯಾರು ಹೊರಗೆ ಎಂಬುದು ಅಡಗಿರಬಹುದು.

ಉತ್ತರ ಡಕೋಟಾ ಇದಕ್ಕೆ ಒಳ್ಳೆಯ ಉದಾಹರಣೆ. ಮತದಾರರ ನೋಂದಣಿ ಎಂಬುದೇ ಇಲ್ಲದ ಏಕೈಕ ರಾಜ್ಯ ಅದು. ರಿಜಿಸ್ಟ್ರಾರನ ಮೇಜಿಲ್ಲ, ಪರೀಕ್ಷೆಯಿಲ್ಲ. ಆದರೆ ಗುರುತಿನ ಚೀಟಿಯಲ್ಲಿ ಮನೆಯ ಬೀದಿ ವಿಳಾಸ ಇರಲೇಬೇಕು ಎಂಬ ಕಾನೂನು ಅಲ್ಲಿ ಬಂತು. ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ಎಷ್ಟೋ ಮನೆಗಳಿಗೆ ನಂಬರಿಲ್ಲ, ದಾರಿಗಳಿಗೆ ಹೆಸರಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಸರು, ಊರು, ಅಂಚೆ ಎಂದು ಬರೆದರೆ ಕಾಗದ ಮುಟ್ಟುವ ಹಾಗೆ, ಅಲ್ಲಿನವರಿಗೆ ಅಂಚೆಪೆಟ್ಟಿಗೆಯ ಸಂಖ್ಯೆಯೇ ವಿಳಾಸ. 2018ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ನಾಲ್ಕು ವಾರ ಇರುವಾಗ, ಈ ಕಾನೂನನ್ನು ತಡೆಯಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬುಡಕಟ್ಟುಗಳ ಕಚೇರಿಗಳಲ್ಲಿ ನಕ್ಷೆ ಹರಡಿಕೊಂಡು, ಇಂಥ ತಿರುವು ದಾಟಿ ಇಂಥ ಕಡೆ ನಮ್ಮ ಮನೆ ಎಂದು ಬಂದವರು ತೋರಿಸಿದ ಜಾಗಕ್ಕೆಲ್ಲ ವಿಳಾಸ ಕೊಟ್ಟು, ಹೊಸ ಕಾರ್ಡುಗಳನ್ನು ದುಡ್ಡಿಲ್ಲದೆ ಮುದ್ರಿಸಿಕೊಟ್ಟರು. ಕೇಸು ಮುಂದುವರಿದು 2020ರಲ್ಲಿ ರಾಜ್ಯ ರಾಜಿಗೆ ಬಂತು: ಬೀದಿ ವಿಳಾಸ ಇಲ್ಲದವರು ನಕ್ಷೆಯ ಮೇಲೆ ತಮ್ಮ ಮನೆಯ ಜಾಗವನ್ನು ಗುರುತು ಮಾಡಿ ತೋರಿಸಿದರೆ ಸಾಕು.